ನಿಮಗಿದು ಗೊತ್ತೆ? ಟಾರಿನಿಂದ ಹುಟ್ಟಿದ ಸವಿ
1879ರ ಸುಮಾರಿಗೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಲ್ಲಿದ್ದಲ ಟಾರಿನ ಸಂಯುಕ್ತಗಳನ್ನು ಪರಿಶೋಧಿಸುತ್ತಿದ್ದ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ಕೈ ತೊಳೆಯಲು ಮರೆತು ಊಟಕ್ಕೆ ಕುಳಿತು, ತಾನು ಮುರಿದ ಬ್ರೆಡ್ಡಿನ ತುಣುಕು ಅತಿಶಯವಾಗಿ ಸಿಹಿಯಾಗಿರುವುದನ್ನು ಕಂಡು ವಿಸ್ಮಿತನಾದುದರಿಂದಲೇ ಸ್ಯಾಕರಿನ್ ಲೋಕಕ್ಕೆ ಪರಿಚಿತವಾಯಿತು. (ಪ್ರಯೋಗಶಾಲೆಯ ಶಿಸ್ತಿಗೆ ಇದು ಮಾದರಿಯಲ್ಲವೆನ್ನಿ!) ಸಕ್ಕರೆಗಿಂತ ಸುಮಾರು 300 ಪಾಲು ಸಿಹಿಯಾದ ಈ ದ್ರವ್ಯವು ಶಕ್ತಿಯಾಗಿ ಪರಿಣಮಿಸದೆ, ಬಹುಪಾಲು ಮೂತ್ರದೊಡನೆ ಹೊರಬೀಳುವುದರಿಂದ ರಕ್ತದ ಸಕ್ಕರೆಯನ್ನು ನೇರವಾಗಿ ಏರಿಸದು, ಆದರೆ ಚಹಾಕ್ಕೆ ಸುರಿದುಕೊಳ್ಳುವ ಕೆಲವು ಪುಡಿಪೊಟ್ಟಣಗಳಲ್ಲಿ ಗಾತ್ರಕ್ಕಾಗಿ ಬೆರೆಸಿರುವ ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್‌ಗಳು ಅತ್ಯಲ್ಪವಾಗಿಯಾದರೂ ಗ್ಲೂಕೋಸನ್ನೇ ಒದಗಿಸುವುವು. ಮೈತೂಕವನ್ನು ಹತೋಟಿಯಲ್ಲಿಡುವ ಉದ್ದೇಶದಿಂದ ಇಂತಹ ಸಿಹಿಕಾರಕಗಳನ್ನು ಬಳಸುವುದು ತರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಸಲಹೆಯಿತ್ತಿತಾದರೂ, ಈಗಾಗಲೇ ಮಧುಮೇಹವುಳ್ಳವರಿಗೆ ಅದು ಅನ್ವಯಿಸದು.