ಭುಜದ ಶಸ್ತ್ರಚಿಕಿತ್ಸೆಯಲ್ಲಿ ನೋವಿನ ಕುರಿತ ರೋಗಿಶಿಕ್ಷಣ

ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ ಬರಬಹುದಾದ ನೋವಿನ ಸ್ವರೂಪ, ಅದರ ಅವಧಿ, ಅದನ್ನು ತಗ್ಗಿಸುವ ಉಪಾಯಗಳು ಹಾಗೂ ಅಪಾಯದ ಲಕ್ಷಣಗಳನ್ನು ಚಿಕಿತ್ಸೆಗೆ ಮೊದಲೂ ಅನಂತರವೂ ಕ್ರಮವಾಗಿ ತಿಳಿಸಿಕೊಡುವುದನ್ನು ನೋವಿನ ಕುರಿತ ರೋಗಿಶಿಕ್ಷಣ ಎನ್ನುತ್ತಾರೆ. ಇದು ಔಷಧಿಗೆ ಬದಲಿಯಲ್ಲ. ಚಿಕಿತ್ಸೆಯದೇ ಒಂದು ಅಂಗ. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ದಾದಿಯರು ಮತ್ತು ಫಿಸಿಯೋಥೆರಪಿಸ್ಟರು ಇದನ್ನು ಹಂಚಿಕೊಂಡು ನಡೆಸುತ್ತಾರೆ. ಭುಜದ ವಿಷಯದಲ್ಲಿ ಈ ಶಿಕ್ಷಣವು ಒಂದಕ್ಕೊಂದು ವಿರುದ್ಧವೆಂದು ತೋರುವ ಎರಡು ಸಂಗತಿಗಳನ್ನು ಒಟ್ಟಿಗೆ ಕಲಿಸಬೇಕಾಗುತ್ತದೆ: ನೋವಾದಾಗಲೆಲ್ಲ ಹಾನಿಯಾಗುತ್ತಿದೆ ಎಂದರ್ಥವಲ್ಲ; ನೋವಿಲ್ಲವೆಂದ ಮಾತ್ರಕ್ಕೆ ವಾಸಿಯಾಗಿದೆ ಎಂದೂ ಅರ್ಥವಲ್ಲ.

ಭುಜದ ರಚನೆ ಮತ್ತು ನೋವು

ಭುಜವು ದೇಹದಲ್ಲಿ ಅತ್ಯಂತ ಹೆಚ್ಚು ಚಲನೆಯುಳ್ಳ ಕೀಲು. ತೋಳಿನ ಮೂಳೆಯ ದುಂಡನೆಯ ತಲೆಯು ಹೆಗಲ ಮೂಳೆಯ ಆಳವಿಲ್ಲದ ಗುಳಿಯಲ್ಲಿ ಕುಳಿತಿರುತ್ತದೆ. ಅದು ಜಾರದಂತೆ ಹಿಡಿದಿಡುವುದು ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳಿಂದಾದ ‘ರೊಟೇಟರ್ ಕಫ್’. ಇದು ಹರಿದಾಗ ತಲೆ ಬಾಚಿಕೊಳ್ಳುವುದು, ಅಂಗಿಯ ತೋಳು ಹಾಕಿಕೊಳ್ಳುವುದು, ಎತ್ತರದ ಗೂಡಿನಿಂದ ಡಬ್ಬಿ ಇಳಿಸುವುದು ಕಷ್ಟವಾಗುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಹರಿದ ರಜ್ಜುವನ್ನು ಮೂಳೆಗೆ ಮತ್ತೆ ಹೊಲಿಯುವ ಕ್ರಮವನ್ನು ಬೋಸ್ಟನ್ನಿನ ವೈದ್ಯ ಅರ್ನೆಸ್ಟ್ ಅಮೋರಿ ಕಾಡ್‌ಮನ್ 1911ರಲ್ಲಿ ವರದಿ ಮಾಡಿದರು. ಇಂದು ಇದನ್ನು ಹೆಚ್ಚಾಗಿ ಆರ್ತ್ರೋಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗಿಳಿಸಿ, ಮಾಡುತ್ತಾರೆ. ಹೊರಗಿನ ಗಾಯ ಚಿಕ್ಕದಾದುದರಿಂದ ನೋವೂ ಚಿಕ್ಕದಿರಬಹುದೆಂದು ರೋಗಿ ನಿರೀಕ್ಷಿಸುವುದು ಸಹಜ. ಆದರೆ ಒಳಗೆ ನಡೆದಿರುವ ಕೆಲಸ ದೊಡ್ಡದು. ಮೊದಲ ಎರಡು ಮೂರು ದಿನಗಳ ನೋವು ತೀವ್ರವಾಗಿಯೇ ಇರಬಹುದು.

ಹರಿದಿರುವ ಪ್ರಮಾಣಕ್ಕೂ ನೋವಿನ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಅರವತ್ತು ದಾಟಿದ ಅನೇಕರಲ್ಲಿ ರಜ್ಜು ಹರಿದಿದ್ದರೂ ಯಾವ ನೋವೂ ಇರುವುದಿಲ್ಲ. ಸಣ್ಣ ಸೀಳಿನಿಂದಲೇ ನಿದ್ರೆಗೆಟ್ಟವರೂ ಇದ್ದಾರೆ. ಸ್ಕ್ಯಾನಿಂಗ್ ಚಿತ್ರವನ್ನು ನೋಡಿ ಹೆದರುವವರಿಗೆ ಹೇಳಬೇಕಾದ ಮೊದಲ ಮಾತು ಇದೇ.

ಹಿನ್ನೆಲೆ

ನೋವಿನ ಬಗ್ಗೆ ಮುಂಚಿತವಾಗಿ ಹೇಳಿದರೆ ರೋಗಿ ಇನ್ನಷ್ಟು ಹೆದರುತ್ತಾನೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. 1964ರಲ್ಲಿ ಲಾರೆನ್ಸ್ ಎಗ್‌ಬರ್ಟ್ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ಕೊಟ್ಟಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ 97 ಜನರಲ್ಲಿ ಒಂದು ಗುಂಪಿಗೆ ಎಲ್ಲಿ ನೋವಾಗುತ್ತದೆ, ಎಷ್ಟು ಕಾಲ ಇರುತ್ತದೆ, ಸ್ನಾಯುಗಳನ್ನು ಸಡಿಲಿಸಿ ಅದನ್ನು ಹೇಗೆ ಕಡಿಮೆ ಮಾಡಿಕೊಳ್ಳಬಹುದು ಎಂಬುದನ್ನು ಅರಿವಳಿಕೆ ತಜ್ಞರು ವಿವರಿಸಿದರು. ಇನ್ನೊಂದು ಗುಂಪಿಗೆ ಈ ವಿವರಣೆ ಇರಲಿಲ್ಲ. ವಿವರಣೆ ಪಡೆದವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟು ಸಾಕಾಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಮರುವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ದ್ವಾರ ನಿಯಂತ್ರಣ ಸಿದ್ಧಾಂತ’ವು, ನೋವಿನ ಸಂಕೇತಗಳು ಬೆನ್ನುಹುರಿಯಲ್ಲಿಯೇ ಹೆಚ್ಚು ಕಡಿಮೆ ಮಾಡಲ್ಪಡುತ್ತವೆ, ಮಿದುಳಿನ ಸ್ಥಿತಿಯೂ ಅದರ ಮೇಲೆ ಪ್ರಭಾವ ಬೀರುತ್ತದೆ ಎಂದು ವಿವರಿಸಿತು. ಭಯ, ನಿದ್ರಾಹೀನತೆ, ಅನಿಶ್ಚಯಗಳು ನೋವನ್ನು ಹೆಚ್ಚಿಸುವುದು ಬರಿಯ ಕಲ್ಪನೆಯಲ್ಲವೆಂದು ಇದರಿಂದ ತಿಳಿಯಿತು.

ಭುಜಕ್ಕೆ ಸಂಬಂಧಿಸಿದಂತೆ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಮುಖ್ಯವಾದುದು. ರೊಟೇಟರ್ ಕಫ್ ಹೊಲಿಗೆಗೆ ಬಂದವರಲ್ಲಿ ಅರ್ಧದಷ್ಟು ಜನರಿಗೆ ಸುಮಾರು ಎರಡು ನಿಮಿಷದ ವಿಡಿಯೊ ಮತ್ತು ಒಂದು ಕರಪತ್ರದ ಮೂಲಕ ಅಫೀಮು ವರ್ಗದ ಮಾತ್ರೆಗಳ ಬಳಕೆ ಹಾಗೂ ಅಪಾಯವನ್ನು ತಿಳಿಸಲಾಯಿತು. ಮೂರು ತಿಂಗಳ ಹೊತ್ತಿಗೆ ಅವರು ಸೇವಿಸಿದ ಆ ಮಾತ್ರೆಗಳು ಉಳಿದವರಿಗಿಂತ ಗಣನೀಯವಾಗಿ ಕಡಿಮೆಯಿದ್ದವು. ಅಲ್ಲಿ ಅಂಥ ಮಾತ್ರೆಗಳ ಚಟ ಸಾರ್ವಜನಿಕ ಸಮಸ್ಯೆಯಾಗಿರುವುದರಿಂದ ಶಿಕ್ಷಣದ ಗುರಿಯೂ ಅದೇ ಆಗಿತ್ತು. ನಮ್ಮಲ್ಲಿ ಅನೇಕ ವೇಳೆ ಸಮಸ್ಯೆ ತಿರುಗುಮುರುಗಾಗಿರುತ್ತದೆ: ಮಾತ್ರೆ ಉಷ್ಣವೆಂದೋ, ಮೂತ್ರಪಿಂಡಕ್ಕೆ ಕೆಟ್ಟದ್ದೆಂದೋ ರೋಗಿ ಹಲ್ಲು ಕಚ್ಚಿ ಸಹಿಸುತ್ತಾನೆ, ನಿದ್ರೆಗೆಡುತ್ತಾನೆ, ವ್ಯಾಯಾಮವನ್ನು ಕೈಬಿಡುತ್ತಾನೆ. ಆದ್ದರಿಂದ ವಿದೇಶದ ಕರಪತ್ರವನ್ನು ಕನ್ನಡಕ್ಕೆ ತಿರುಗಿಸಿ ಹಂಚಿದರೆ ಸಾಲದು.

ಶಸ್ತ್ರಚಿಕಿತ್ಸೆಗೆ ಮೊದಲು

ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಹೇಳುವುದನ್ನು ಮೊದಲೇ ಅಭ್ಯಾಸ ಮಾಡಿಸುತ್ತಾರೆ. ಅಂಕಿಯಷ್ಟೇ ಅಲ್ಲದೆ ನೋವಿನ ಬಗೆಯೂ ವೈದ್ಯರಿಗೆ ಬೇಕು. ಈ ವಿಷಯದಲ್ಲಿ ಕನ್ನಡ ಬಡವಲ್ಲ: ಸೆಳೆತ, ಸಿಡಿತ, ಚುಚ್ಚುವುದು, ಉರಿ, ಹಿಡಿತ, ಜೋಮು ಎಂಬ ಒಂದೊಂದು ಮಾತೂ ಒಂದೊಂದು ಸುಳಿವನ್ನು ಕೊಡುತ್ತದೆ. ಉರಿ ಮತ್ತು ಜೋಮು ನರದ ಕಡೆಗೆ ಬೆರಳು ತೋರಿಸಿದರೆ, ಊತದೊಡನೆ ಬರುವ ಸಿಡಿತ ಉರಿಯೂತವನ್ನು ಸೂಚಿಸಬಹುದು. ಮಧುಮೇಹ, ರಕ್ತದೊತ್ತಡ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಈಗಾಗಲೇ ಸೇವಿಸುತ್ತಿರುವ ನೋವಿನ ಮಾತ್ರೆ ಇವುಗಳನ್ನು ಮುಚ್ಚಿಡದೆ ಹೇಳಬೇಕು. ಎಡಗೈಯಲ್ಲಿ ಊಟ, ಸ್ನಾನ, ಶೌಚಗಳನ್ನು ನಿಭಾಯಿಸುವ ಅಭ್ಯಾಸವನ್ನೂ, ಬಲಭುಜದ ಚಿಕಿತ್ಸೆಯಾಗುವವರು, ಕೆಲವು ದಿನ ಮೊದಲೇ ಮಾಡಿಕೊಳ್ಳುವುದು ಉತ್ತಮ. ಮನೆಯಲ್ಲಿ ನೋಡಿಕೊಳ್ಳುವವರು ಈ ಮಾತುಕತೆಯಲ್ಲಿ ಜೊತೆಗಿರಬೇಕು. ರಾತ್ರಿ ಮಾತ್ರೆ ಕೊಡುವವರು ಅವರೇ.

ಮೊದಲ ರಾತ್ರಿ

ಭುಜದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕುತ್ತಿಗೆಯ ಬದಿಯಲ್ಲಿ ಚುಚ್ಚುಮದ್ದು ಕೊಟ್ಟು ತೋಳಿನ ನರಜಾಲವನ್ನು ಮರಗಟ್ಟಿಸುತ್ತಾರೆ. ‘ಇಂಟರ್‌ಸ್ಕೇಲೀನ್ ಬ್ಲಾಕ್’ ಎಂಬ ಈ ವಿಧಾನವನ್ನು ಅಲೋನ್ ವಿನ್ನಿ 1970ರಲ್ಲಿ ವಿವರಿಸಿದರು. ಒಂದು ಬಾರಿಯ ಚುಚ್ಚುಮದ್ದಿನ ಪರಿಣಾಮ ಔಷಧಿಗೆ ತಕ್ಕಂತೆ ಸುಮಾರು 8ರಿಂದ 24 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ತೋಳು ತನ್ನದಲ್ಲವೆಂಬಂತೆ ಜೋತಾಡುತ್ತದೆ. ಸ್ವರ ಒಡೆಯಬಹುದು, ಅದೇ ಕಡೆಯ ಕಣ್ಣಿನ ರೆಪ್ಪೆ ಇಳಿಯಬಹುದು. ವಪೆಯ ನರವೂ ಮರಗಟ್ಟುವುದರಿಂದ ಉಸಿರು ಪೂರ್ತಿ ತುಂಬದಂತೆ ಅನಿಸಬಹುದು. ಇವು ಸಾಮಾನ್ಯವಾಗಿ ತಾತ್ಕಾಲಿಕವಾದವು. ಮೊದಲೇ ಹೇಳಿರದಿದ್ದರೆ ಮಾತ್ರ ರೋಗಿಗೂ ಮನೆಯವರಿಗೂ ಗಾಬರಿ ತಪ್ಪಿದ್ದಲ್ಲ. ಆದರೆ ಉಸಿರಾಟದ ಕಷ್ಟ ಹೆಚ್ಚುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಹೆಚ್ಚು ಎಚ್ಚರ ಬೇಕಾದುದು ಮರಗಟ್ಟುವಿಕೆ ಇಳಿಯುವ ಗಳಿಗೆಯಲ್ಲಿ. ಹಗಲಿಡೀ ನೋವಿಲ್ಲದಿದ್ದ ರೋಗಿ ಮಾತ್ರೆ ಬೇಡವೆಂದು ಮಲಗುತ್ತಾನೆ. ನಡುರಾತ್ರಿಯಲ್ಲಿ ನೋವು ಒಮ್ಮೆಲೇ ಏಳುತ್ತದೆ. ಇದನ್ನು ‘ಮರುಕಳಿಸುವ ನೋವು’ ಎನ್ನುತ್ತಾರೆ. ಆಗ ನುಂಗಿದ ಮಾತ್ರೆ ಕೆಲಸ ಮಾಡಲು ಸಮಯ ಹಿಡಿಯುತ್ತದೆ. ಹೊಲಿಗೆ ಬಿಟ್ಟುಹೋಯಿತೆಂಬ ಭಯ ಅದಕ್ಕೆ ಸೇರಿಕೊಳ್ಳುತ್ತದೆ. ಬೆರಳುಗಳಲ್ಲಿ ಜೋಮು ಆರಂಭವಾಗುವ ಮೊದಲೇ, ನೋವಿರಲಿ ಇಲ್ಲದಿರಲಿ, ವೈದ್ಯರು ಬರೆದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕೆಂಬುದು ರೋಗಿಶಿಕ್ಷಣದ ಅತ್ಯಂತ ಉಪಯುಕ್ತ ಪಾಠವೆನ್ನಬಹುದು. ಮರಗಟ್ಟಿದ ಕೈಗೆ ಬಿಸಿಯ ಅರಿವಿರುವುದಿಲ್ಲವಾದ್ದರಿಂದ ಬಿಸಿನೀರಿನ ಚೀಲ, ಕಾಫಿಯ ಲೋಟ ಮೊದಲಾದವನ್ನು ದೂರವಿಡಬೇಕು.

ಅನಂತರದ ವಾರಗಳು

ವೈದ್ಯರು ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಕೊಟ್ಟು, ಟ್ರಮಡಾಲ್‌ನಂಥ ಬಲವಾದ ಔಷಧಿಯನ್ನು ಕೆಲವು ದಿನಗಳಿಗೆ ಮಾತ್ರ ಸೇರಿಸುತ್ತಾರೆ. ಟ್ರಮಡಾಲ್‌ನಿಂದ ವಾಕರಿಕೆ, ಮಂಪರು, ಮಲಬದ್ಧತೆ ಬರಬಹುದು. ವಯಸ್ಕರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆಯಿದ್ದವರಿಗೆ, ತೂಕ ಕಡಿಮೆಯಿದ್ದವರಿಗೆ ಮಿತಿ ಇನ್ನೂ ಕಡಿಮೆ. ಹಲವು ಮಿಶ್ರ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುವುದರಿಂದ ಎರಡು ಬೇರೆ ಹೆಸರಿನ ಮಾತ್ರೆ ನುಂಗಿದವರು ಒಂದೇ ಔಷಧಿಯನ್ನು ಎರಡು ಪಾಲು ನುಂಗಿರಬಹುದು. ಮಾತ್ರೆಯ ಹಾಳೆಯ ಹಿಂಬದಿಯನ್ನು ಓದುವುದನ್ನು ಮನೆಯವರಿಗೆ ಕಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡುವುದು, ಬೆನ್ನಿಗೆ ದಿಂಬುಗಳನ್ನು ಒರಗಿಸಿ ಅರೆಕುಳಿತ ಭಂಗಿಯಲ್ಲಿ ಮಲಗುವುದು ಸಹಾಯಕ.

ಕೈಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸ್ಲಿಂಗ್‌ನಲ್ಲಿ ಇಡುತ್ತಾರೆ. ಫಿಸಿಯೋಥೆರಪಿಸ್ಟರು ಹೇಳಿಕೊಟ್ಟ ವ್ಯಾಯಾಮದ ವೇಳೆ ಬರುವ, ಸ್ವಲ್ಪ ಹೊತ್ತಿನಲ್ಲಿ ಇಳಿಯುವ ಸೆಳೆತಕ್ಕೆ ಅಂಜಬೇಕಾಗಿಲ್ಲ. ಬಾಗಿ ನಿಂತು ತೋಳನ್ನು ಲೋಲಕದಂತೆ ತೂಗಿಸುವ ವ್ಯಾಯಾಮ ಇಂದಿಗೂ ಕಾಡ್‌ಮನ್ ಅವರ ಹೆಸರಿನಲ್ಲಿದೆ. ಇದಕ್ಕೆ ಎದುರಾದ ಅಪಾಯ ಎರಡನೆಯ ತಿಂಗಳಿನದು. ಆ ಹೊತ್ತಿಗೆ ನೋವು ಇಳಿದಿರುತ್ತದೆ, ಕೈ ಹಗುರವಾಗಿರುತ್ತದೆ; ಆದರೆ ರಜ್ಜು ಮೂಳೆಗೆ ಬಲವಾಗಿ ಬೆಸೆದುಕೊಳ್ಳಲು ಕನಿಷ್ಠ ಮೂರು ತಿಂಗಳಾದರೂ ಬೇಕು. ನೀರಿನ ಕೊಡ ಎತ್ತುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಜೋಲುವುದು ಇಂಥ ಸಮಯದಲ್ಲಿಯೇ. ಹೊಲಿದ ರಜ್ಜು ಮತ್ತೆ ಹರಿಯುವುದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ.

ಜ್ವರ, ಗಾಯದಿಂದ ಕೀವು, ಮಾತ್ರೆಗೂ ಬಗ್ಗದೆ ದಿನದಿಂದ ದಿನಕ್ಕೆ ಏರುವ ನೋವು, ಎರಡು ದಿನ ಕಳೆದರೂ ಹೋಗದ ಮರಗಟ್ಟುವಿಕೆ, ಮೀನಖಂಡದ ಊತ ಇವು ಕಂಡಲ್ಲಿ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಎದೆನೋವು ಅಥವಾ ಏದುಸಿರು ಕಂಡರೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು.

ಮಿತಿಗಳು

ರೋಗಿಶಿಕ್ಷಣವು ನೋವಿನ ಅಂಕಿಯನ್ನು ಎಲ್ಲ ಅಧ್ಯಯನಗಳಲ್ಲಿಯೂ ತಗ್ಗಿಸಿಲ್ಲ. ಲಭ್ಯವಿರುವ ಆಧಾರಗಳ ಗುಣಮಟ್ಟವೂ ಏಕರೂಪವಾಗಿಲ್ಲ. ಏಡ್ರಿಯನ್ ಲೌ ಮತ್ತು ಸಂಗಡಿಗರು ಸೊಂಟದ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಮೊದಲು ನೋವಿನ ನರವಿಜ್ಞಾನವನ್ನು ಸರಳವಾಗಿ ತಿಳಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಅನಂತರ ಎರಡೂ ಗುಂಪುಗಳ ನೋವು ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ತಿಳಿವಳಿಕೆ ಪಡೆದವರು ಶಸ್ತ್ರಚಿಕಿತ್ಸೆಗೆ ತಾವು ಹೆಚ್ಚು ಸಿದ್ಧರಾಗಿದ್ದೆವೆಂದು ಹೇಳಿದರು, ಮತ್ತು ಆ ವರ್ಷ ಚಿಕಿತ್ಸೆಗಾಗಿ ಅವರು ಮಾಡಿದ ವೆಚ್ಚ ಉಳಿದವರಿಗಿಂತ ಸುಮಾರು 45% ಕಡಿಮೆಯಿತ್ತು.