ಬೀಜದ ಕುದುರೆಯ ಲೆಕ್ಕವೂ ದೊಡ್ಡೇರಿ ಸೀಮೆಯ ಟಗರೂ

ಊರಿನ ಹಸುಗಳಿಗೆ ಬೀಜದ ಹೋರಿಯನ್ನೂ ಮಂದೆಗೆ ಟಗರನ್ನೂ ಆರಿಸುವ ಕೆಲಸವು ಗ್ರಾಮದ ಮುಖಂಡರ ಪಾಲಿಗೆ ಬರುವ ಕಾರ್ಯಗಳಲ್ಲಿ ಬಹಳ ಹೊಣೆಯುಳ್ಳದ್ದು. ಕೊಳ್ಳುವುದು ಒಂದು ದಿನದ ವ್ಯಾಪಾರ. ಅದರ ಫಲವನ್ನು ಊರು ಅನುಭವಿಸುವುದು ಎಂಟು ಹತ್ತು ವರ್ಷ. ದೊಡ್ಡೇರಿ ಹೋಬಳಿಯಲ್ಲಾಗಲಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಾಗಲಿ ಈ ಆಯ್ಕೆಯು ಬಹುಮಟ್ಟಿಗೆ ಕಣ್ಣಂದಾಜಿನಿಂದಲೇ ನಡೆಯತಕ್ಕದ್ದಾಗಿದೆ. ಕ್ಯಾಮೇನಹಳ್ಳಿಯ ಅಥವಾ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೋರಿಯ ಕೊಂಬು, ಗಂಗೆದೊಗಲು, ನಡಿಗೆ, ಸುಳಿ ಇವುಗಳನ್ನು ನೋಡಿ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ವಾಚಕರೆಲ್ಲರೂ ಬಲ್ಲರು. ಅನುಭವಸ್ಥರ ಕಣ್ಣನ್ನು ಹಳಿಯುವುದಕ್ಕೆ ನಾವು ಹೊರಟಿಲ್ಲ. ಆದರೆ ಆ ಕಣ್ಣಿಗೆ ಕಾಣುವುದು ಹೋರಿಯ ಮೈ ಮಾತ್ರ. ಊರಿಗೆ ಬೇಕಾದುದು ಹೋರಿಯ ಕರುಗಳು. ಅವು ಹೇಗಿವೆಯೆಂಬುದನ್ನು ಎಣಿಸಿ, ಅಳೆದು, ಬರೆದಿಟ್ಟು ನೋಡಿದಲ್ಲದೆ ತಿಳಿಯಲಾರದು.

ಹೀಗೆ ಬರೆದಿಡುವ ವಿದ್ಯೆಯನ್ನು ಬಹುಕಾಲದಿಂದ ಬೆಳೆಸಿಕೊಂಡು ಬಂದಿರುವವರು ಪಂದ್ಯದ ಕುದುರೆಗಳನ್ನು ಸಾಕುವವರು. ಇದರ ಉದಾಹರಣೆಗಾಗಿ ನಾವು ಪರದೇಶಕ್ಕೆ ಹೋಗಬೇಕಾದುದಿಲ್ಲ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ, ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಏರ್ಪಟ್ಟುದೆಂದು ಪ್ರಸಿದ್ಧವಾಗಿದೆ. ಮುಂದೆ ಅಲ್ಲಿ ಥರೋಬ್ರೆಡ್ ಎಂಬ ಪಂದ್ಯದ ತಳಿಯನ್ನು ಬೆಳೆಸಲಾಯಿತು; ೧೯೯೨ರಲ್ಲಿ ಸರ್ಕಾರವು ಅದನ್ನು ಖಾಸಗಿ ಕಂಪೆನಿಯೊಂದಕ್ಕೆ ಗುತ್ತಿಗೆಗೆ ಕೊಟ್ಟಿತು. ಇಂಗ್ಲೆಂಡಿನ ಆಸ್ಕಟ್ ಮೈದಾನದಲ್ಲಿ ೧೯೯೩ರ ಪ್ರಿನ್ಸ್ ಆಫ್ ವೇಲ್ಸ್ ಪಂದ್ಯವನ್ನು ಗೆದ್ದ ಪ್ಲೇಸರ್‌ವಿಲ್ ಎಂಬ ಗಂಡುಕುದುರೆಯನ್ನು ತಂದು ಬೀಜಕ್ಕೆ ನಿಲ್ಲಿಸಿದುದು ಈ ಕುಣಿಗಲ್ಲಿನಲ್ಲಿಯೇ. ಅಂತಹ ಕುದುರೆಯನ್ನು ತರಿಸುವವನು ಅಪಾರ ಹಣವನ್ನು ತೆತ್ತು, ಅದರ ಮರಿಗಳು ಓಡುವವರೆಗೆ ಕಾಯಬೇಕು. ಹೆಣ್ಣು ಕುದುರೆಯು ಗರ್ಭ ಹೊರುವುದು ಹನ್ನೊಂದು ತಿಂಗಳು. ಮರಿಯು ಪಂದ್ಯಕ್ಕೆ ಬರುವುದು ಎರಡು ವರ್ಷ ತುಂಬಿದ ಮೇಲೆ. ಆದ ಕಾರಣ ಬೀಜದ ಕುದುರೆಯು ಒಳ್ಳೆಯದೋ ಅಲ್ಲವೋ ಎಂಬುದು ಸ್ವಲ್ಪಮಟ್ಟಿಗೆ ಗೊತ್ತಾಗುವಷ್ಟರಲ್ಲಿ ನಾಲ್ಕೈದು ವರ್ಷಗಳು ಕಳೆದಿರುತ್ತವೆ. ಅಷ್ಟರೊಳಗೆ ಅದೇ ಕುದುರೆಯ ಇನ್ನೂ ಮೂರು ನಾಲ್ಕು ಸಾಲಿನ ಮರಿಗಳು ಹುಟ್ಟಿಬಿಟ್ಟಿರುತ್ತವೆ. ಲೆಕ್ಕವು ಅವರಿಗೆ ಏತಕ್ಕೆ ಪ್ರಾಣಪ್ರಾಯವಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಲೆಕ್ಕದ ಮೂಲವು ವಂಶಾವಳಿಯ ಪುಸ್ತಕ. ಇಂಗ್ಲೆಂಡಿನಲ್ಲಿ ವೆದರ್ಬಿ ಎಂಬುವರು ೧೭೯೧ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದರು. ಅಂದಿನಿಂದ ಯಾವ ಹೆಣ್ಣು ಯಾವ ಗಂಡಿನಿಂದ ಯಾವ ವರ್ಷ ಯಾವ ಮರಿಯನ್ನು ಈದಿತು ಎಂಬುದೆಲ್ಲವೂ ಬರೆಯಲ್ಪಡುತ್ತ ಬಂದಿದೆ. ಈದದೆ ಹೋದ ವರ್ಷವನ್ನೂ, ಸತ್ತು ಹುಟ್ಟಿದ ಮರಿಯನ್ನೂ ಬರೆಯುತ್ತಾರೆ. ನಮ್ಮ ದೇಶದ ಪುಸ್ತಕವು ಪುಣೆಯಲ್ಲಿರುವ ಪ್ರಾಧಿಕಾರದ ವಶದಲ್ಲಿದೆ.

ಪುಸ್ತಕವಿದ್ದ ಮಾತ್ರಕ್ಕೆ ತೀರ್ಮಾನ ಸುಲಭವಾಯಿತೆಂದು ಎಣಿಸಬಾರದು. ೧೭೬೪ರ ಏಪ್ರಿಲ್ ೧ರಂದು, ಸೂರ್ಯಗ್ರಹಣದ ದಿನ, ಇಂಗ್ಲೆಂಡಿನಲ್ಲಿ ಒಂದು ಗಂಡುಮರಿ ಹುಟ್ಟಿತು. ನಮ್ಮಲ್ಲಾಗಿದ್ದರೆ ಅದನ್ನು ಅರ್ಧ ಬೆಲೆಗೆ ಸಾಗಹಾಕುತ್ತಿದ್ದರೋ ಏನೋ! ಅವರು ಅದಕ್ಕೆ ಗ್ರಹಣವೆಂಬ ಅರ್ಥದ ಎಕ್ಲಿಪ್ಸ್ ಎಂಬ ಹೆಸರನ್ನೇ ಇಟ್ಟರು. ಅದು ಹದಿನೆಂಟು ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. ಆದರೂ ಬೀಜಕ್ಕೆ ನಿಂತ ಮೇಲೆ, ಮರಿಗಳ ಗೆಲುವಿನ ವಾರ್ಷಿಕ ಪಟ್ಟಿಯಲ್ಲಿ ಅದಕ್ಕೆ ಒಂದು ವರ್ಷವಾದರೂ ಮೊದಲನೆಯ ಸ್ಥಾನ ದೊರೆಯಲಿಲ್ಲ. ಹೆರಡ್ ಎಂಬ ಇನ್ನೊಂದು ಕುದುರೆಯ ಹಿಂದೆ ಎರಡನೆಯದಾಗಿಯೇ ನಿಲ್ಲುತ್ತಿತ್ತು. ಹೀಗಿದ್ದೂ ಇಂದು ಲೋಕದಲ್ಲಿರುವ ಥರೋಬ್ರೆಡ್ ಕುದುರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಗಂಡುಸಂತತಿಯ ಸಾಲಿನಲ್ಲಿ ಎಕ್ಲಿಪ್ಸನ್ನೇ ಸೇರುತ್ತವೆ. ಪಟ್ಟಿಯ ತಲೆಯಲ್ಲಿರುವ ಹೆಸರೊಂದನ್ನೇ ನೋಡಿ ಬೀಜವನ್ನು ಆರಿಸುವವನು ಎಕ್ಲಿಪ್ಸನ್ನು ಬಿಟ್ಟುಬಿಡುತ್ತಿದ್ದನು.

ಆ ಪಟ್ಟಿಯಲ್ಲಿರುವ ದೋಷವಾದರೂ ಏನು? ಅದು ಒಟ್ಟು ಮೊತ್ತದ ಪಟ್ಟಿ. ಒಂದು ಗಂಡಿನ ಮರಿಗಳೆಲ್ಲವೂ ಆ ವರ್ಷ ಗೆದ್ದ ಹಣವನ್ನು ಕೂಡಿ ಬರೆಯುತ್ತಾರೆ. ಮರಿಗಳು ಹೆಚ್ಚಾದಷ್ಟೂ ಮೊತ್ತವು ಹೆಚ್ಚುವುದು ಸಹಜ. ವಿಷಯವು ಸ್ಪಷ್ಟವಾಗುವುದಕ್ಕಾಗಿ ಎರಡು ಕುದುರೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದರ ೬೦ ಮರಿಗಳು ಓಡಿ ಒಟ್ಟು ೩೦೦ ಲಕ್ಷ ರೂಪಾಯಿ ಗೆದ್ದವು. ಎರಡನೆಯದರ ೪೦ ಮರಿಗಳು ೨೪೦ ಲಕ್ಷ ಗೆದ್ದವು. ಪಟ್ಟಿಯಲ್ಲಿ ಮೊದಲನೆಯದೇ ಮೇಲು. ತಲಾ ಸರಾಸರಿಯನ್ನು ತೆಗೆದರೆ ಮೊದಲನೆಯದಕ್ಕೆ ೫ ಲಕ್ಷ, ಎರಡನೆಯದಕ್ಕೆ ೬ ಲಕ್ಷ. ಇದಲ್ಲದೆ ಮೊದಲನೆಯದರ ಮರಿಗಳಲ್ಲಿ ಒಂದೇ ಒಂದು ೧೮೦ ಲಕ್ಷವನ್ನು ಗೆದ್ದಿತ್ತೆಂದು ಇಟ್ಟುಕೊಳ್ಳಿ. ಅದನ್ನು ಬದಿಗಿಟ್ಟರೆ ಉಳಿದ ೫೯ ಮರಿಗಳಿಗೆ ಸರಾಸರಿ ಎರಡು ಲಕ್ಷವೇ ಬೀಳುತ್ತದೆ. ಮರಿಯನ್ನು ಕೊಳ್ಳುವವನಿಗೆ ಸಿಕ್ಕುವುದು ಆ ಐವತ್ತೊಂಬತ್ತರಲ್ಲಿ ಒಂದು ತಾನೇ!

ಸರಾಸರಿಯೂ ವರ್ಷದಿಂದ ವರ್ಷಕ್ಕೆ ಹೋಲಿಕೆಗೆ ಬರಲಾರದು, ಏಕೆಂದರೆ ಬಹುಮಾನದ ಹಣವು ಏರುತ್ತಲೇ ಇರುತ್ತದೆ. ಅದಕ್ಕಾಗಿ ಅಮೆರಿಕದ ಕುದುರೆ ಸಾಕುವವರು ಇನ್ನೊಂದು ಅಳತೆಯನ್ನು ಬಳಕೆಗೆ ತಂದರು. ಆ ವರ್ಷ ಓಡಿದ ಎಲ್ಲ ಕುದುರೆಗಳ ಸರಾಸರಿ ಗಳಿಕೆಯನ್ನು ಒಂದು ಎಂದು ಹಿಡಿದು, ಪ್ರತಿ ಗಂಡಿನ ಮರಿಗಳ ಸರಾಸರಿಯನ್ನು ಅದರಿಂದ ಭಾಗಿಸುತ್ತಾರೆ. ಎಲ್ಲ ಕುದುರೆಗಳ ಸರಾಸರಿಯು ೪ ಲಕ್ಷವಾಗಿದ್ದರೆ, ಮೇಲಿನ ಮೊದಲ ಕುದುರೆಗೆ ೧.೨೫, ಎರಡನೆಯದಕ್ಕೆ ೧.೫೦ ಬರುತ್ತದೆ.

ಇಲ್ಲಿಗೂ ಲೆಕ್ಕವು ಮುಗಿಯಲಿಲ್ಲ. ಹೆಸರಾಂತ ಗಂಡಿನ ಬಳಿಗೆ ಒಳ್ಳೆಯ ಹೆಣ್ಣುಗಳೇ ಬರುತ್ತವೆ. ಅಗ್ಗದ ಗಂಡಿನ ಬಳಿಗೆ ಸಾಧಾರಣವಾದವು. ಹಾಗಾದರೆ ಮರಿಯ ಓಟವು ತಂದೆಯಿಂದ ಬಂದುದೋ ತಾಯಿಯಿಂದ ಬಂದುದೋ? ಇದನ್ನು ಬಿಡಿಸುವುದಕ್ಕೆ ಅವರು ಹೂಡಿರುವ ಉಪಾಯವು ಬಹಳ ಸೊಗಸಾದುದು. ಆ ಗಂಡಿಗೆ ಬಂದ ಹೆಣ್ಣುಗಳೇ ಬೇರೆ ಬೇರೆ ಗಂಡುಗಳಿಂದ ಈದ ಮರಿಗಳು ಎಷ್ಟು ಗೆದ್ದವೆಂದು ತೆಗೆದು ನೋಡುತ್ತಾರೆ. ನಮ್ಮ ಎರಡನೆಯ ಕುದುರೆಗೆ ಬಂದ ಹೆಣ್ಣುಗಳು ಬೇರೆಡೆ ಈದ ಮರಿಗಳ ಅಳತೆಯು ೧.೮೦ ಇದ್ದರೆ, ಅವೇ ಹೆಣ್ಣುಗಳಿಂದ ೧.೫೦ರ ಮರಿಗಳನ್ನು ಪಡೆದ ಆ ಗಂಡು ತಾಯಂದಿರನ್ನು ಕೆಳಗಿಳಿಸಿತೆಂದೇ ಹೇಳಬೇಕು. ಮೊದಲನೆಯದಕ್ಕೆ ಬಂದವು ೧.೦೦ರ ಹೆಣ್ಣುಗಳಾಗಿದ್ದರೆ, ಅದು ೧.೨೫ಕ್ಕೆ ಏರಿಸಿದುದು ಮೆಚ್ಚತಕ್ಕ ವಿಷಯ. ಆದರೆ ಆ ಏರಿಕೆಯು ಒಂದೇ ಮರಿಯ ಮೇಲೆ ನಿಂತಿದೆಯೆಂಬುದನ್ನು ಮರೆಯುವಂತಿಲ್ಲ. ಎರಡು ಕುದುರೆಗಳಲ್ಲಿ ಯಾವುದು ಮೇಲೆಂದು ನಮ್ಮನ್ನು ಕೇಳಿದರೆ, ಇನ್ನೊಂದು ಸಾಲಿನ ಮರಿಗಳು ಓಡಲಿ, ನೋಡೋಣ, ಎಂದೇ ಹೇಳಬೇಕಾಗುತ್ತದೆ.

ಲೆಕ್ಕವನ್ನು ತಪ್ಪಾಗಿ ಹಾಕಿ ದೊಡ್ಡ ಹೆಸರನ್ನು ಪಡೆದವರೂ ಉಂಟು. ಆಸ್ಟ್ರೇಲಿಯದ ಬ್ರೂಸ್ ಲೋ ಎಂಬುವರು ಇಂಗ್ಲೆಂಡಿನ ಡರ್ಬಿ, ಓಕ್ಸ್, ಸೇಂಟ್ ಲೆಜರ್ ಎಂಬ ಮೂರು ಮಹಾಪಂದ್ಯಗಳಲ್ಲಿ ಗೆದ್ದ ಕುದುರೆಗಳ ತಾಯಿಯ ಸಾಲನ್ನು ಹಿಂದಕ್ಕೆ ಹುಡುಕಿ, ಹೆಚ್ಚು ಗೆಲುವುಗಳನ್ನು ಕೊಟ್ಟ ಕುಟುಂಬಕ್ಕೆ ಒಂದನೆಯದೆಂದೂ ಮುಂದಿನದಕ್ಕೆ ಎರಡನೆಯದೆಂದೂ ಹೀಗೆ ನಲವತ್ತಮೂರರವರೆಗೆ ಅಂಕಿಗಳನ್ನಿಟ್ಟರು. ಅವರ ಪುಸ್ತಕವು ೧೮೯೫ರಲ್ಲಿ ಪ್ರಕಟವಾಯಿತು. ಒಂದನೆಯ ಅಂಕಿಯ ಹೆಣ್ಣುಗಳಿಗೆ ಬೇಡಿಕೆ ಹೆಚ್ಚಿತು. ಆದರೆ ಗೆಲುವುಗಳನ್ನು ಎಣಿಸಿದವರು ಆಯಾ ಕುಟುಂಬದಲ್ಲಿ ಹೆಣ್ಣುಗಳೆಷ್ಟಿದ್ದುವೆಂಬುದನ್ನು ಎಣಿಸಲಿಲ್ಲ. ನೂರು ಮನೆಯ ಊರಿನಲ್ಲಿ ಹತ್ತು ಮಂದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹತ್ತು ಮನೆಯ ಊರಿನಲ್ಲಿ ಮೂವರು ತೇರ್ಗಡೆಯಾದರೆ, ವಿದ್ಯೆಯಲ್ಲಿ ಮುಂದುವರಿದುದು ಯಾವ ಊರು? ಈ ಒಂದು ಭಾಗಾಕಾರವನ್ನು ಬಿಟ್ಟುದರಿಂದ ಅವರ ಅಂಕಿಗಳು ಕುಟುಂಬದ ಹಿರಿತನವನ್ನು ತೋರಿಸದೆ ಅದರ ಗಾತ್ರವನ್ನೇ ಬಹುಮಟ್ಟಿಗೆ ತೋರಿಸಿದವು. ಕುಟುಂಬಗಳನ್ನು ಗುರುತಿಸುವುದಕ್ಕೆ ಆ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ; ಅಷ್ಟಕ್ಕೆ ಅವು ಸಾಕು.

ಹೆಣ್ಣು ಕುದುರೆಯ ಬೆಲೆಯನ್ನು ಲೆಕ್ಕದಿಂದ ಕಟ್ಟುವುದು ಗಂಡಿಗಿಂತಲೂ ಕಷ್ಟ. ಗಂಡಿಗೆ ವರ್ಷಕ್ಕೆ ಹಲವು ಹತ್ತು ಮರಿಗಳಾದರೆ, ಹೆಣ್ಣಿಗೆ ಒಂದು. ಜೀವಮಾನದಲ್ಲಿ ಹತ್ತಾದರೆ ಹೆಚ್ಚು. ಓಡಿದ ಕುದುರೆಗಳಲ್ಲಿ ಅರ್ಧದಷ್ಟು ಒಮ್ಮೆಯಾದರೂ ಗೆಲ್ಲುತ್ತವೆಂದು ಭಾವಿಸೋಣ. ಒಂದು ಹೆಣ್ಣಿನ ನಾಲ್ಕು ಮರಿಗಳಲ್ಲಿ ಮೂರು ಗೆದ್ದರೆ ಅದು ರತ್ನವೆಂದು ಹೊಗಳುವರು. ಆದರೆ ನಾಲ್ಕು ನಾಣ್ಯಗಳನ್ನು ಚಿಮ್ಮಿದರೂ ಹದಿನಾರು ಸಲಕ್ಕೆ ಐದು ಸಲ ಮೂರು ಅಥವಾ ನಾಲ್ಕು ಒಂದೇ ಕಡೆಗೆ, ತಲೆಯಾಗಿಯೇ, ಬೀಳುತ್ತವೆ. ನಲವತ್ತು ಮರಿಗಳಲ್ಲಿ ಮೂವತ್ತು ಗೆದ್ದರೆ ಮಾತು ಬೇರೆ. ಅಷ್ಟು ಗೆಲುವು ಬರಿಯ ಅದೃಷ್ಟದಿಂದ ಬರುವುದು ಸಾವಿರಕ್ಕೆ ಸುಮಾರು ಒಂದು ಸಲ ಮಾತ್ರ. ಎರಡು ಕಡೆಯೂ ನಾಲ್ಕಕ್ಕೆ ಮೂರೇ; ನಂಬಿಕೆಗೆ ಮಾತ್ರ ಅಜಗಜಾಂತರ. ಆದುದರಿಂದಲೇ ಬುದ್ಧಿವಂತರು ಹೆಣ್ಣನ್ನು ಕೊಳ್ಳುವಾಗ ಅದರ ಮರಿಗಳೊಂದಿಗೆ ಅದರ ಸ್ವಂತ ಓಟವನ್ನೂ, ಅಕ್ಕತಂಗಿಯರ ಮರಿಗಳನ್ನೂ, ಅದರ ತಂದೆಯ ಇತರ ಹೆಣ್ಣುಮಕ್ಕಳು ಈದ ಮರಿಗಳನ್ನೂ ಕೂಡಿಸಿ ನೋಡುತ್ತಾರೆ.

ಇನ್ನು ನಮ್ಮ ಸೀಮೆಯ ವಿಚಾರಕ್ಕೆ ಬರೋಣ. ಹಳ್ಳಿಕಾರ್ ಹೋರಿಯ ಕರುಗಳಿಗೆ ಜಾತ್ರೆಯಲ್ಲಿ ಸಿಕ್ಕುವ ಬೆಲೆಯು ಪಂದ್ಯದ ಬಹುಮಾನಕ್ಕೆ ಸಮಾನವಾದುದು. ಆ ಬೆಲೆಯನ್ನು ಬರೆದಿಡುವುದು ಒಳ್ಳೆಯದೇ. ಆದರೆ ಹುರುಳಿ, ಹಿಂಡಿ, ರಾಗಿಹುಲ್ಲುಗಳನ್ನು ಹೇರಳವಾಗಿ ಇಟ್ಟು ಮೈ ತಿಕ್ಕಿ ಬೆಳೆಸಿದ ಶ್ರೀಮಂತರ ಕರುವನ್ನೂ, ಬರಗಾಲದಲ್ಲಿ ಬಯಲಿನ ಒಣಹುಲ್ಲನ್ನು ಮೆಯ್ದ ಬಡವನ ಕರುವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅಳೆದಂತಾಗುವುದು ಮೇವನ್ನು. ಹಾಲಿನ ಸಹಕಾರ ಸಂಘದ ಪುಸ್ತಕವೂ ಈ ಕೆಲಸಕ್ಕೆ ಸಾಲದು, ಏಕೆಂದರೆ ಅಲ್ಲಿ ಬರೆಯುವುದು ಮನೆಯ ಹಾಲನ್ನು, ಹಸುವೊಂದೊಂದರ ಹಾಲನ್ನಲ್ಲ. ಒಂದೇ ಕೊಟ್ಟಿಗೆಯಲ್ಲಿ, ಒಂದೇ ವರ್ಷ ಹುಟ್ಟಿದ, ಬೇರೆ ಬೇರೆ ಹೋರಿಗಳ ಕರುಗಳನ್ನು ಮಾತ್ರ ಪರಸ್ಪರ ಹೋಲಿಸತಕ್ಕದ್ದು.

ಈ ವಿದ್ಯೆಯು ಬೇಗನೆ ಫಲ ಕೊಡುವುದು ಕುರಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಮಧುಗಿರಿ, ಶಿರಾ, ಪಾವಗಡಗಳ ಒಣಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ಉಳಿಸುವುದು ಕುರಿಯೇ. ಒಂದು ಟಗರಿಗೆ ಒಂದೇ ಸಾಲಿನಲ್ಲಿ ಮೂವತ್ತು ಮರಿಗಳಾಗಬಹುದು. ಕುರಿಯು ಗರ್ಭ ಹೊರುವುದು ಐದು ತಿಂಗಳು. ಮರಿಯನ್ನು ಮೂರು ತಿಂಗಳಿಗೆ ತೂಗಿದರೆ ಸಾಕು. ಕುಣಿಗಲ್ಲಿನವರು ನಾಲ್ಕೈದು ವರ್ಷ ಕಾಯುವುದನ್ನು ದೊಡ್ಡೇರಿಯ ಕುರಿಗಾರನು ಎಂಟು ಒಂಬತ್ತು ತಿಂಗಳಲ್ಲಿ ತಿಳಿಯಬಲ್ಲನು.

ಮರಿಗಳ ತೂಕವನ್ನು ತೆಗೆದ ಮೇಲೆ ಅದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ತಳಿಶಾಸ್ತ್ರಜ್ಞರು ಒಂದು ಸುಲಭವಾದ ಸೂತ್ರವನ್ನು ಕೊಟ್ಟಿದ್ದಾರೆ. ಮರಿಮರಿಗೆ ಕಾಣುವ ವ್ಯತ್ಯಾಸದಲ್ಲಿ ನಾಲ್ಕರಲ್ಲೊಂದು ಪಾಲು ಹುಟ್ಟಿನಿಂದಲೂ ಉಳಿದುದು ಮೇವು, ರೋಗ, ಅದೃಷ್ಟಗಳಿಂದಲೂ ಬರುವುದೆಂದು ಇಟ್ಟುಕೊಂಡರೆ, ಮರಿಗಳ ಸಂಖ್ಯೆಯನ್ನು ಅದೇ ಸಂಖ್ಯೆಗೆ ೧೫ ಕೂಡಿಸಿ ಬಂದುದರಿಂದ ಭಾಗಿಸಬೇಕು. ಐದು ಮರಿಗಳಾದರೆ ೫ನ್ನು ೨೦ರಿಂದ ಭಾಗಿಸಿ ಕಾಲುಪಾಲು, ಹದಿನೈದಾದರೆ ಅರ್ಧಪಾಲು, ನಲವತ್ತೈದಾದರೆ ಮುಕ್ಕಾಲು. ಒಂದು ಟಗರಿನ ಇಪ್ಪತ್ತು ಮರಿಗಳು ಅದೇ ಮಂದೆಯ ಇತರ ಮರಿಗಳಿಗಿಂತ ಸರಾಸರಿ ಒಂದೂವರೆ ಕಿಲೋ ಹೆಚ್ಚು ತೂಗಿದವೆನ್ನಿ. ೨೦ನ್ನು ೩೫ರಿಂದ ಭಾಗಿಸಿ ಒಂದೂವರೆಯಿಂದ ಗುಣಿಸಿದರೆ ಸುಮಾರು ೮೫೦ ಗ್ರಾಂ ಬರುತ್ತದೆ. ಮುಂದಿನ ಸಾಲಿನ ಮರಿಗಳಲ್ಲಿ ನಿರೀಕ್ಷಿಸತಕ್ಕದ್ದು ಇಷ್ಟೇ. ಎರಡೇ ಮರಿಗಳನ್ನು ತೋರಿಸಿ, ಎರಡು ಕಿಲೋ ಹೆಚ್ಚೆಂದು ಹೇಳಿ, ಟಗರಿಗೆ ದುಪ್ಪಟ್ಟು ಬೆಲೆ ಕೇಳುವವರಿಗೆ ಈ ಸೂತ್ರದ ಪ್ರಕಾರ ಕೊಡಬಹುದಾದುದು ಕಾಲು ಕಿಲೋವಿಗೂ ಕಡಮೆಯ ಬೆಲೆ.

ಎರಡು ಟಗರುಗಳು ಒಂದೇ ಮಂದೆಯಲ್ಲಿದ್ದರೆ ಮರಿ ಯಾವುದರದೆಂದು ತಿಳಿಯದು. ಬೆದೆಯ ಕಾಲದಲ್ಲಿ ರಾತ್ರಿ ಹಟ್ಟಿಯನ್ನು ಎರಡಾಗಿ ಮಾಡಿ ಒಂದೊಂದಕ್ಕೆ ಒಂದೊಂದು ಟಗರನ್ನು ಬಿಟ್ಟು, ಹಗಲು ಟಗರುಗಳನ್ನು ಕಟ್ಟಿಹಾಕುವುದು ಲೇಸು. ಹೆಣ್ಣುಗಳನ್ನು ಹಂಚುವಾಗ ದಪ್ಪವಾದವುಗಳನ್ನೆಲ್ಲ ಒಂದೇ ಟಗರಿಗೆ ಬಿಡದೆ, ಸಾಲಾಗಿ ಹಾಯಿಸಿ, ಒಂದನ್ನು ಅತ್ತ ಒಂದನ್ನು ಇತ್ತ ಬಿಡಬೇಕು. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಬಳಿದರೆ, ಅದು ಹಾರಿದ ಕುರಿಯ ಬೆನ್ನಿನ ಹಿಂಭಾಗದಲ್ಲಿ ಗುರುತು ಬೀಳುತ್ತದೆ. ಬೆಳಗ್ಗೆ ನೋಡಿ ಬರೆದುಕೊಳ್ಳಬಹುದು. ಪುಸ್ತಕದಲ್ಲಿ ತಾಯಿಯ ಗುರುತು, ಟಗರಿನ ಗುರುತು, ಈದ ತಾರೀಖು, ಗಂಡೋ ಹೆಣ್ಣೋ, ಒಂಟಿಯೋ ಅವಳಿಯೋ, ಮೂರು ತಿಂಗಳ ತೂಕ ಇಷ್ಟಕ್ಕೆ ಗೆರೆ ಹಾಕಿಕೊಂಡರೆ ಸಾಕು. ಸತ್ತ ಮರಿಯನ್ನೂ ಹೊಡೆದುಹಾಕದೆ ಅದರ ಸಾಲಿನಲ್ಲಿಯೇ ಸತ್ತ ತಾರೀಖಿನೊಡನೆ ಬರೆಯತಕ್ಕದ್ದು. ತೂಕವನ್ನು ಬೆಳಗ್ಗೆ, ಮಂದೆಯು ಮೇವಿಗೆ ಹೊರಡುವ ಮುನ್ನ, ಎಲ್ಲ ಮರಿಗಳಿಗೂ ಒಂದೇ ತಕ್ಕಡಿಯಲ್ಲಿ ತೆಗೆಯಬೇಕು.