'ಹ್ಯಾವ್' ಎಂಬ ಪುಟ್ಟ ಪದದ ದೊಡ್ಡ ತೊಡಕು

ಕುಮಟಾ-ಶಿರಸಿ ಹಾದಿಯ ಕತಗಾಲದಲ್ಲಿ ಮನೆಮಾತು ಕನ್ನಡವಿರಲಿ, ಕೊಂಕಣಿಯಿರಲಿ, ಇಂಗ್ಲಿಷ್ ಕಲಿಯಹೊರಟ ಮಕ್ಕಳನ್ನು ಕಾಡುವ ಪುಟ್ಟ ಕ್ರಿಯಾಪದವೊಂದುಂಟು: 'ಹ್ಯಾವ್'. ಮಕ್ಕಳು ಎಡವಿದರೆ ಅದು ದಡ್ಡತನವಲ್ಲ. ಎರಡು ನುಡಿಗಳ ಜಾಯಮಾನವೇ ಬೇರೆ.

'ನನಗೆ ಇಬ್ಬರು ಅಣ್ಣಂದಿರಿದ್ದಾರೆ', 'ನನ್ನ ಹತ್ತಿರ ಹಣವಿದೆ', 'ನಮ್ಮಲ್ಲಿ ಎರಡು ಹಸುಗಳಿವೆ', 'ನನಗೆ ಜ್ವರವಿದೆ' ಎನ್ನುತ್ತೇವೆ. ಇಲ್ಲಿ ಅಣ್ಣಂದಿರು, ಹಣ, ಹಸು, ಜ್ವರಗಳೇ ಕರ್ತೃಗಳು. 'ನಾನು' ಎಂಬುದು 'ಗೆ', 'ಅಲ್ಲಿ', 'ಹತ್ತಿರ'ಗಳ ಆಸರೆ ಪಡೆದು ಪಕ್ಕಕ್ಕೆ ನಿಂತಿದೆ. ಇಂಗ್ಲಿಷಿನಲ್ಲಾದರೋ ನಾಲ್ಕಕ್ಕೂ ಒಂದೇ 'ಹ್ಯಾವ್'. 'ಐ' ಅಥವಾ 'ವಿ' ಎಂಬುದೇ ಕರ್ತೃ. ದೂರದ ಕೊರಿಯಾದ ಮಕ್ಕಳ ಪಾಡೂ ಇದೇ. ಅವರ ನುಡಿಯಲ್ಲಿಯೂ 'ಇರು' ಎಂಬರ್ಥದ 'ಇತ್ತಾ' ಎಂಬ ಪದವೇ ಈ ಕೆಲಸ ಮಾಡುತ್ತದೆ.

ಇನ್ನೊಂದು ಎಡವು 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬುದು. ನಂಟು, ಒಡೆತನಗಳು ಸ್ಥಿತಿಗಳು. ಅವಕ್ಕೆ 'ಐ ಹ್ಯಾವ್' ಎಂದರೆ ಸಾಕು. ಊಟವು ನಡೆಯುತ್ತಿರುವ ಕ್ರಿಯೆಯಾದುದರಿಂದ 'ಐ ಆಮ್ ಹ್ಯಾವಿಂಗ್ ಲಂಚ್' ಸರಿಯೇ.

ಆದುದರಿಂದ ಮೊದಲು ಕನ್ನಡ ವಾಕ್ಯವನ್ನೇ ಬರೆಯಿಸಿ, 'ಯಾರಿಗೆ ಇದೆ?' ಎಂದು ಕೇಳಬೇಕು. ಉತ್ತರವಾಗಿ ಬಂದವರೇ ಇಂಗ್ಲಿಷಿನ ಕರ್ತೃ. ಆದರೆ ಈ ಪಾಠ ತಿರುಗುಬಾಣವಾಗದಿರಲಿ! 'ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ' ಎಂದು ಮಗು ಬರೆಯತೊಡಗಿದರೆ, ಇಂಗ್ಲಿಷ್ ಬಂದರೂ ಕನ್ನಡ ಕೈಬಿಟ್ಟಂತೆ.